ಹಲಗೆ ಸಂದಿಯಲ್ಲಿ ನೀರು ನುಗ್ಗಲ್ವಾ?

ಪ್ರಶ್ನೆ: ನಾವು ಚಕ್ಕಡಿ ಮಾಡುವ ಬಡಿಗೇರರು. 'ಅಮೆರಿಕಾ' ಅನ್ನೋ ಹಳೇ ರೇಸಿನ ಹಾಯಿದೋಣಿ ಮರದ್ದಂತೆ. ಹಲಗೆ ಸಂದಿಯಲ್ಲಿ ನೀರು ನುಗ್ಗಲ್ವಾ?
– ಓದುಗರೊಬ್ಬರು, ಹಾವೇರಿ

ಉತ್ತರ: ಬೇಸಿಗೆಯಲ್ಲಿ ಗಾಲಿಯ ಕಬ್ಬಿಣದ ಹಳಿ ಸಡಿಲಾದರೆ ನೀವು ಏನು ಮಾಡುತ್ತೀರಿ? ನೀರಲ್ಲಿ ನೆನೆ ಹಾಕುತ್ತೀರಿ, ಮರ ಉಬ್ಬಿ ಹಳಿ ಬಿಗಿಯಾಗುತ್ತದೆ, ಅಲ್ವಾ? ದೋಣಿಯದೂ ಅರ್ಧ ಅದೇ ಕತೆ. ಇನ್ನರ್ಧ ಕೈಕೆಲಸ. ಆ ಕಾಲದ ಮರದ ಹಡಗುಗಳಲ್ಲಿ ಹಳೇ ಹಗ್ಗ ಬಿಚ್ಚಿದ ನಾರನ್ನು ಸಂದಿಯೊಳಗೆ ಉಳಿಯಂಥ ಉಪಕರಣದಿಂದ ಬಡಿದು ಬಡಿದು ತುಂಬಿ, ಮೇಲೆ ಕಾಯಿಸಿದ ಕರೀ ರಾಳ ಸುರಿಯುತ್ತಿದ್ದರು.

'ಅಮೆರಿಕಾ' ತಯಾರಾಗಿದ್ದು 1851ರಲ್ಲಿ, ನ್ಯೂಯಾರ್ಕಿನಲ್ಲಿ. ನಕ್ಷೆ ಜಾರ್ಜ್ ಸ್ಟೀರ್ಸ್ ಅವರದು. ಉದ್ದ ಸುಮಾರು 100 ಅಡಿ, ಹೊರ ಹಲಗೆ ಓಕ್. ನನಗೆ ಇಷ್ಟವಾಗೋದು ಅದರ ಮೂತಿ. ಆಗಿನ ಇಂಗ್ಲಿಷ್ ದೋಣಿಗಳ ಮುಂಭಾಗ ದುಂಡಗೆ, ಇದರದು ನೇಗಿಲ ಕುಳದ ಹಾಗೆ ಚೂಪು. ಹಾಯಿಯೂ ಹತ್ತಿಯದು. ಇಂಗ್ಲಿಷರ ಅಗಸೆ ನಾರಿನ ಹಾಯಿ ಗಾಳಿಗೆ ಜೋಳಿಗೆಯಾಗುತ್ತಿದ್ದರೆ ಇದು ಚಪ್ಪಟೆಯಾಗಿ ನಿಲ್ಲುತ್ತಿತ್ತು. ಅದೇ ವರ್ಷ ಆಗಸ್ಟ್ 22ರಂದು ಇಂಗ್ಲೆಂಡಿನ ವೈಟ್ ದ್ವೀಪ ಸುತ್ತುವ ಪಂದ್ಯ ಗೆದ್ದಿತು. ಇವತ್ತಿನ 'ಅಮೆರಿಕಾಸ್ ಕಪ್' ಹಾಯಿದೋಣಿ ಪಂದ್ಯಕ್ಕೆ ಹೆಸರು ಬಂದಿದ್ದೇ ಇದರಿಂದ.

ಕಡೆಗೆ ಅದನ್ನು ನೀರು ಮುಳುಗಿಸಲಿಲ್ಲ ನೋಡಿ. 1942ರಲ್ಲಿ ಅಮೆರಿಕದ ಅನಾಪೊಲಿಸ್ ಊರಲ್ಲಿ ಹಿಮದ ಭಾರಕ್ಕೆ, ಅದನ್ನಿಟ್ಟಿದ್ದ ಶೆಡ್ಡಿನ ಛಾವಣಿ ಕುಸಿದು ಮೇಲೆ ಬಿತ್ತು. 1945ರಲ್ಲಿ ಒಡೆದು ಹಾಕಿದರು.