ಹಿಮ ಇಲ್ಲದಿದ್ದರೇನು, ಸಕ್ಕರೆ ಅಚ್ಚು ಇದೆಯಲ್ಲ

ಮಕ್ಕಳಿಗೆ ಚಳಿಗಾಲದ ರಜೆ ಬರ್ತಾ ಇದೆ, ಮನೆಯಲ್ಲೇ ಯಾವ ಹಬ್ಬ ಮಾಡಬಹುದು, ಕೈಯಲ್ಲಿ ಏನು ಮಾಡಿಸಬಹುದು, ಹುಡುಕಿದರೆ ಬರೀ ಹತ್ತಿಯ ಹಿಮಗೊಂಬೆ ಸಿಗುತ್ತೆ ಅಂತ ಕೇಳಿದ್ದೀರಿ. ನಾನೂ ಒಂದು ವರ್ಷ ಹತ್ತಿ ಅಂಟಿಸಿದವಳೇ. ಮೂರನೇ ದಿನಕ್ಕೆ ಅದು ಕಸದ ಬುಟ್ಟಿ ಸೇರಿತು. ಮಾಡಿದ್ದನ್ನು ಯಾರಿಗಾದರೂ ಕೊಡೋದಿದ್ದರೆ ಮಾತ್ರ ನಮ್ಮನೆ ಮಕ್ಕಳು ಮನಸ್ಸಿಟ್ಟು ಮಾಡುತ್ತಾರೆ. ಹಾಗಾಗಿ ನನ್ನ ಓಟು ಸಂಕ್ರಾಂತಿಗೆ.

ಆದರೆ ಜನವರಿ 14, 15ರ ತನಕ ಕಾಯಬೇಕಾಗಿಲ್ಲ. ಬೆಂಗಳೂರಿನಲ್ಲಿದ್ದರೆ ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದಲೇ ಶುರು ಮಾಡಿ. ಒಂದೆರಡು ಸೇರು ತನ್ನಿ, ತಿನ್ನಿ, ಸಿಪ್ಪೆ ಮಾತ್ರ ಎಸೆಯಬೇಡಿ. ಅರ್ಧ ಮುರಿದ ಸಿಪ್ಪೆ ಚಿಕ್ಕ ಮಕ್ಕಳ ಬೆರಳ ತುದಿಗೆ ಟೋಪಿ ಥರ ಕೂರುತ್ತೆ. ಸ್ಕೆಚ್ ಪೆನ್ನಲ್ಲಿ ಕಣ್ಣು, ಮೀಸೆ ಬರೆದರೆ ಬೆರಳುಗೊಂಬೆ ರೆಡಿ, ಖರ್ಚು ಸೊನ್ನೆ.

ಕ್ರಿಸ್‌ಮಸ್‌ಗೆ ನಕ್ಷತ್ರ. ಅಂಗಡಿಯಲ್ಲಿ ಸಿಗುತ್ತೆ ನಿಜ, ಆದರೆ ದೀಪಾವಳಿ ಗೂಡುದೀಪ ಕಟ್ಟಿ ಗೊತ್ತಿರೋರಿಗೆ ಇದು ಕಷ್ಟವೇ ಅಲ್ಲ. ಒಂದೇ ಅಳತೆಯ 10 ಬಿದಿರು ಕಡ್ಡಿ ಸೀಳಿಕೊಳ್ಳಿ, ಐದೈದು ಸೇರಿಸಿ ಎರಡು ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ಐದೂ ತುದಿಗೆ ದಾರ ಸುತ್ತಿ. ಆಮೇಲೆ ಒಳಗಿನ ಐದು ಮೂಲೆಗಳಲ್ಲಿ ಬೆರಳುದ್ದದ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬಿಕೊಳ್ಳುತ್ತೆ. ಬಣ್ಣದ ಕಾಗದ ಅಂಟಿಸಿ, ಒಳಗೆ ಸಣ್ಣ ಎಲ್‌ಇಡಿ ಬಲ್ಬು ಬಿಡಿ. ಮಂಗಳೂರು ಕಡೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ) ಮಾಡುವವರು ಹಬ್ಬಕ್ಕೆ ಮುಂಚೆಯೇ ತಟ್ಟೆಯಲ್ಲಿ ಭತ್ತವನ್ನೋ ರಾಗಿಯನ್ನೋ ಮೊಳಕೆ ಹಾಕಿ ಹುಲ್ಲುಗಾವಲು ಮಾಡುತ್ತಾರೆ. ಮಕ್ಕಳು ದಿನಾ ಬೆಳಿಗ್ಗೆ ಎದ್ದು ಅದನ್ನೇ ನೋಡೋದು. ಉತ್ತರ ಕರ್ನಾಟಕದ ನೆಂಟರಿದ್ದರೆ ಎಳ್ಳ ಅಮಾವಾಸ್ಯೆಗೆ ಮಕ್ಕಳನ್ನು ಅವರ ಹೊಲಕ್ಕೆ ಕರೆದುಕೊಂಡು ಹೋಗಿ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಚರಗ ಚೆಲ್ಲೋದು (ಹೊಲದಲ್ಲಿ ನೈವೇದ್ಯದ ಅಡುಗೆ ಎರಚೋದು), ಅದೆಲ್ಲ ಫ್ಲ್ಯಾಟಿನಲ್ಲಿ ಆಗೋ ಮಾತಲ್ಲ.

ಈಗ ಎಳ್ಳುಬೆಲ್ಲಕ್ಕೆ ಬರೋಣ. ರೆಡಿ ಪ್ಯಾಕೆಟ್ ತರಬೇಡಿ ದಯವಿಟ್ಟು. ಒಂದು ವಾರ ಮುಂಚೆ ಕೂತರೆ ಮನೆಯವರೆಲ್ಲರಿಗೂ ಕೆಲಸ ಇದೆ. ಕೊಬ್ಬರಿಯ ಕಂದು ಸಿಪ್ಪೆ ತುರಿದು ಬಿಳಿ ಭಾಗವನ್ನು ಚೂರು ಮಾಡಬೇಕು, ಅಚ್ಚು ಬೆಲ್ಲ ಹೆಚ್ಚಬೇಕು (ಇದು ದೊಡ್ಡವರ ಕೆಲಸ, ನನ್ನ ಅಂಗೈಯಲ್ಲಿ ಪ್ರತಿ ವರ್ಷ ಬೊಬ್ಬೆ), ಎರಡನ್ನೂ ಬಿಸಿಲಲ್ಲಿ ಒಣಗಿಸಬೇಕು. ಹುರಿದ ಕಡಲೆಕಾಯಿ ಬೀಜವನ್ನು ಮಕ್ಕಳ ಕೈಗೆ ಕೊಡಿ. ಉಜ್ಜಿ ಸಿಪ್ಪೆ ತೆಗೆದು, ಮೊರದಲ್ಲಿ ಉಫ್ ಅಂತ ಊದಿ, ಎರಡು ಬೇಳೆ ಮಾಡಲಿ. ಮನೆಯೆಲ್ಲ ಸಿಪ್ಪೆ ಹಾರುತ್ತೆ, ಹಾರಲಿ ಬಿಡಿ. ಜೊತೆಗೆ ಹುರಿಗಡಲೆ, ಹುರಿದ ಬಿಳಿ ಎಳ್ಳು. ಎಳ್ಳೆಲ್ಲ ಡಬ್ಬಿಯ ತಳಕ್ಕೆ ಹೋಗಿ ಕೂತಿರುತ್ತೆ, ಪೊಟ್ಟಣ ಕಟ್ಟುವಾಗ ಪ್ರತಿ ಸಲ ಕೆಳಗಿನಿಂದ ಕೈಯಾಡಿಸಿ.

ಸಕ್ಕರೆ ಅಚ್ಚು ಸ್ವಲ್ಪ ಕೈ ಪಳಗಬೇಕು. ಮರದ ಅಚ್ಚು ಗ್ರಂಥಿಗೆ ಅಂಗಡಿಯಲ್ಲಿ ಕೇಳಿ, ಅಥವಾ ಯಾರದಾದರೂ ಅಜ್ಜಿಯ ಅಟ್ಟದಲ್ಲಿ ಖಂಡಿತ ಇರುತ್ತೆ. ಆನೆ, ಗಿಳಿ, ಹಂಸ, ತುಳಸಿಕಟ್ಟೆ. ಹಿಂದಿನ ರಾತ್ರಿಯೇ ನೀರಲ್ಲಿ ನೆನೆಸಿಡಬೇಕು. ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ, ಒಣ ಅಚ್ಚಿಗೆ ಸುರಿದು, ಚಾಕು ಹಾಕಿ ಕಿತ್ತು, ಹನ್ನೆರಡು ಆನೆಯಲ್ಲಿ ಒಂದಕ್ಕೂ ಸೊಂಡಿಲು ಉಳಿಯಲಿಲ್ಲ.

1 ಕೆಜಿ ಸಕ್ಕರೆಗೆ ಮುಳುಗುವಷ್ಟು ನೀರು ಸಾಕು. ಕುದಿ ಬಂದಾಗ ಎರಡು ಚಮಚ ಹಾಲು ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತೆ, ತೆಗೆದು ಬಟ್ಟೆಯಲ್ಲಿ ಸೋಸಿ. ಆಮೇಲೆ ಸಣ್ಣ ಬಾಣಲೆಗೆ ಒಂದೊಂದೇ ಸೌಟು ಪಾಕ ಹಾಕಿ, ಕಾಯಿಸುತ್ತಾ ಕೈಬಿಡದೆ ತಿರುವಿ. ತಿಳಿಯಾಗಿದ್ದ ಪಾಕ ಇದ್ದಕ್ಕಿದ್ದಂತೆ ಮಸುಕಾಗಿ ಹಾಲಿನ ಬಣ್ಣಕ್ಕೆ ತಿರುಗುತ್ತೆ. ಆಗಲೇ ಸುರಿಯಬೇಕು. ಫೋನ್ ಬಂತು ಅಂತ ಆ ಕಡೆ ಹೋದರೆ ಬಾಣಲೆಯಲ್ಲೇ ಕಲ್ಲು. ಕಲ್ಲಾದರೂ ನಷ್ಟವಿಲ್ಲ, ನೀರು ಹಾಕಿ ಮತ್ತೆ ಕರಗಿಸಿ. ಬಿಸಿ ಪಾಕ ಚರ್ಮಕ್ಕೆ ಅಂಟಿದರೆ ಬಿಡಲ್ಲ, ಒಲೆ ಹತ್ತಿರ ಮಕ್ಕಳನ್ನು ಬಿಡಲೇಬೇಡಿ. ಅಚ್ಚಿನ ಎರಡು ಹೋಳು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕೋದು ಅವರ ಕೆಲಸ, ಆರಿದ ಮೇಲೆ ಬಿಚ್ಚೋದೂ ಅವರೇ. ಆ ಬಿಚ್ಚುವ ಹೊತ್ತಿಗೆ ನಮ್ಮನೆಯಲ್ಲಿ ಪ್ರತಿ ವರ್ಷ ಜಗಳ.

ಹಬ್ಬದ ಸಂಜೆ ತಟ್ಟೆಯಲ್ಲಿ ಎಳ್ಳುಬೆಲ್ಲ, ಕಬ್ಬಿನ ತುಂಡು, ಬಾಳೆಹಣ್ಣು, ಅಚ್ಚು ಇಟ್ಟುಕೊಂಡು ಮನೆಮನೆಗೆ ಎಳ್ಳು ಬೀರೋಕೆ ಮಕ್ಕಳನ್ನೇ ಕಳಿಸಿ. ನನ್ನ ಮಗಳು ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ "ಈ ಗಿಳಿ ನಾನು ಬಿಚ್ಚಿದ್ದು" ಅಂತ ಹೇಳಿ ಹೇಳಿ, ಮೂರನೇ ಮಹಡಿಗೆ ಹೋಗುವಷ್ಟರಲ್ಲಿ ತಟ್ಟೆ ಖಾಲಿ. ಕಳಿಸುವಾಗ ಚೆನ್ನಾಗಿ ಬಂದಿದ್ದನ್ನು ಮಾತ್ರ ಇಡಿ. ಮುರಿದ ಆನೆಗಳನ್ನು ಡಬ್ಬಿಗೆ ಹಾಕಿಟ್ಟರೆ ಫೆಬ್ರವರಿ ಪೂರ್ತಿ ಕಾಫಿಗೆ ಅದೇ ಸಕ್ಕರೆ.