ತಾಲೀಮಿನಲ್ಲಿ ನಿರ್ದೇಶಕರು ‘ಎಡಕ್ಕೆ ಬಾ’ ಎಂದರೆ ಯಾರ ಎಡ?

ನಟನ ಎಡ. ಪ್ರೇಕ್ಷಕರಿಗೆ ಮುಖ ಮಾಡಿ ನಿಂತ ನಟನಿಗೆ ಯಾವುದು ಎಡವೋ ಅದೇ ರಂಗದ ಎಡ. ಎದುರಿಗೆ ಕುಳಿತ ನಿರ್ದೇಶಕರಿಗೆ ಅದು ಬಲಭಾಗ. ನಟ ಬೆನ್ನು ತಿರುಗಿಸಿದರೂ ಈ ಹೆಸರು ಬದಲಾಗುವುದಿಲ್ಲ.

ಹೆಜ್ಜೆ ಇಡಬೇಕಾದವನು ನಟ, ಅದೇ ಇದಕ್ಕೆ ಕಾರಣ. ಮಾತು, ಭಾವ, ಎದುರು ಪಾತ್ರದ ಚಲನೆ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡವನ ಮೇಲೆ ಎಡಬಲ ತಿರುವಿ ನೋಡುವ ಕೆಲಸವನ್ನೂ ಹೊರಿಸಬಾರದು. ಆ ಕಷ್ಟ ಕುಳಿತವರಿಗಿರಲಿ. ವಿಜಯಪುರದಲ್ಲಿ ಹೊಸಬರಿಗೆ ತಾಲೀಮು ಮಾಡಿಸುವಾಗ ನಾನು ಮೊದಲ ದಿನವೇ ನೆಲದ ಮೇಲೆ ಸೀಮೆಸುಣ್ಣದಿಂದ ರಂಗದ ಚೌಕ ಬರೆದು, ಒಬ್ಬೊಬ್ಬರನ್ನೂ ಅದರೊಳಗೆ ನಿಲ್ಲಿಸಿ ಎಡಗೈ ಎತ್ತಿಸುತ್ತೇನೆ. ಕೈ ಕಲಿತದ್ದನ್ನು ಕಾಲು ಬೇಗ ಹಿಡಿಯುತ್ತದೆ.

ಇದರ ಜೊತೆಗೇ ಕೇಳಿಬರುವ ‘ಡೌನ್‌ಸ್ಟೇಜ್’ ಎಂದರೆ ಪ್ರೇಕ್ಷಕರಿಗೆ ಹತ್ತಿರದ ಭಾಗ. ‘ಅಪ್‌ಸ್ಟೇಜ್’ ಎಂದರೆ ಹಿಂಪರದೆಯ ಕಡೆಯದು. ಸಮತಟ್ಟಾದ ನೆಲದಲ್ಲಿ ಮೇಲೆ, ಕೆಳಗೆ ಎಲ್ಲಿಂದ ಬಂತು? ಯುರೋಪಿನ ಹಳೆಯ ರಂಗಗಳ ನೆಲ ಹಿಂದೆ ಎತ್ತರ, ಮುಂದೆ ತಗ್ಗು. ಹಿಂದೆ ನಿಂತ ನಟರೂ ಕಾಣಲೆಂದು ಆ ಇಳಿಜಾರು. ನೆಲ ಸಮವಾದ ಮೇಲೂ ಹೆಸರು ಉಳಿಯಿತು.

ಇನ್ನು ‘ತಾಲೀಮು’ ಮೂಲದಲ್ಲಿ ಅರಬ್ಬಿ ಪದ, ಕಲಿಸುವುದು ಎಂದರ್ಥ. ನಮ್ಮ ಕಡೆ ಕುಸ್ತಿಯ ಗರಡಿಗೂ ಇದೇ ಹೆಸರು. ‘ಅಭ್ಯಾಸ’ ಎನ್ನುವುದಕ್ಕಿಂತ ನನಗೆ ಈ ಮಾತೇ ಇಷ್ಟ. ಮೈ ದಣಿಯುವುದು ಇದರಲ್ಲಿ ಕೇಳಿಸುತ್ತದೆ.