ಓದುಗರ ಪ್ರಶ್ನೆ: ಕೆಂಪು ಪಿಟೀಲಿನ ಚಿತ್ರ

ಪ್ರಶ್ನೆ: 'ದಿ ರೆಡ್ ವಯಲಿನ್' ಚಿತ್ರವನ್ನು ಕೆಲವರು ಮೇರುಕೃತಿ ಎಂದು ಹೊಗಳಿದರೆ, ಇನ್ನು ಕೆಲವರು ಬಿಡಿ ಕಥೆಗಳ ಕಂತೆ ಎನ್ನುತ್ತಾರೆ. ತಮ್ಮ ಅಭಿಪ್ರಾಯವೇನು? ಅಂಥ ಪಿಟೀಲು ನಿಜವಾಗಿ ಇತ್ತೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬಿಡಿ ಕಥೆಗಳ ಕಂತೆಯೆಂಬ ದೂರು ನಿಜವೇ, ಆದರೂ ಚಿತ್ರ ಚದುರಿಹೋಗದಂತೆ ಹಿಡಿದು ನಿಲ್ಲಿಸಿರುವುದು ಅದರ ಸಂಗೀತ. ಕೆನಡಾದ ಫ್ರಾಂಸ್ವಾ ಜಿರಾರ್ 1998ರಲ್ಲಿ ತೆರೆಗೆ ತಂದ ಈ ಚಿತ್ರದಲ್ಲಿ, 1681ರಲ್ಲಿ ಇಟಲಿಯ ಕ್ರೆಮೋನಾದಲ್ಲಿ ಬುಸ್ಸೊಟ್ಟಿ ಎಂಬ ಕಲ್ಪಿತ ಕುಶಲಕರ್ಮಿ ತಯಾರಿಸಿದ ಪಿಟೀಲು ವಿಯೆನ್ನಾ, ಆಕ್ಸ್‌ಫರ್ಡ್, ಶಾಂಘೈಗಳನ್ನು ಹಾದು ಮಾಂಟ್ರಿಯಲ್‌ನ ಹರಾಜಿಗೆ ಬಂದು ಸೇರುತ್ತದೆ. ಬುಸ್ಸೊಟ್ಟಿಯ ಗರ್ಭಿಣಿ ಪತ್ನಿ ಆನ್ನಾ ಗುನುಗುವ ಧಾಟಿಯೊಂದನ್ನು ಸಂಯೋಜಕ ಜಾನ್ ಕೊರಿಲಿಯಾನೊ ಆಯಾ ಕಾಲದ ಶೈಲಿಗೆ ಒಗ್ಗಿಸುತ್ತ ಹೋಗಿರುವುದರಿಂದ, ಪಾತ್ರಗಳೂ ಭಾಷೆಗಳೂ ಬದಲಾದರೂ ಅದೇ ಪಿಟೀಲನ್ನು ಕೇಳುತ್ತಿದ್ದೇವೆಂಬ ಭಾವ ಕೆಡುವುದಿಲ್ಲ. ನುಡಿಸಿದವರು ಜೋಶುವಾ ಬೆಲ್. ಅತ್ಯುತ್ತಮ ಸಂಗೀತಕ್ಕೆ ಸಂದ ಆಸ್ಕರ್ ಅರ್ಹವಾದದ್ದೇ.

ಕೊರತೆಯಿರುವುದು ಮನುಷ್ಯರ ಚಿತ್ರಣದಲ್ಲಿ. ಪರಿಚಯವಾಗುವಷ್ಟರಲ್ಲಿ ಒಬ್ಬೊಬ್ಬರೂ ತೆರೆಯಿಂದ ಮರೆಯಾಗುತ್ತಾರೆ. ವಿಯೆನ್ನಾದ ಅನಾಥ ಬಾಲಕನ ಕಥೆ ಮನಸ್ಸನ್ನು ತಟ್ಟುತ್ತದೆ. ಆ ಪಾತ್ರದ ಕ್ರಿಸ್ಟೋಫ್ ಕೊಂಚ್ ಸ್ವತಃ ಪಿಟೀಲುವಾದಕನಾದ್ದರಿಂದ ಅವನ ಬೆರಳುಗಳನ್ನು ಗಮನಿಸುವುದೇ ಒಂದು ಸಂತೋಷ. ಆಕ್ಸ್‌ಫರ್ಡಿನ ಭಾಗ ಮಾತ್ರ ನನಗೆ ಸಹಿಸಲಾಗಲಿಲ್ಲ: ಕಾಮೋದ್ರೇಕವಿಲ್ಲದೆ ಕಲಾವಿದನ ಕೈ ಆಡುವುದೇ ಇಲ್ಲವೆಂಬ ಹಳಸಲು ಕಲ್ಪನೆಯನ್ನು ಅಲ್ಲಿ ಎಳೆದಾಡಲಾಗಿದೆ.

ಶಾಂಘೈ ಭಾಗವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಚೀನಾದಲ್ಲಿ ಮಾವೋ ನಡೆಸಿದ ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಪಾಶ್ಚಾತ್ಯ ವಾದ್ಯವೊಂದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಾಗಿರುವಾಗ, ಕಮ್ಯುನಿಸ್ಟ್ ಪಕ್ಷದ ಪದಾಧಿಕಾರಿಯಾದ ಶಿಯಾಂಗ್ ಪೇ ತಾಯಿಯಿಂದ ಬಂದ ಪಿಟೀಲನ್ನು ಉಳಿಸಲು ಹೆಣಗುವುದನ್ನು ನೋಡಿದಾಗ, ಅಮೂಲ್ಯವೆಂಬ ಮಾತಿಗೆ ಹರಾಜಿನ ಬೆಲೆಗಿಂತ ಬೇರೆಯ ತೂಕ ಬರುತ್ತದೆ. ಸ್ಯಾಮ್ಯುಯೆಲ್ ಎಲ್. ಜ್ಯಾಕ್ಸನ್ ನಟಿಸಿರುವ ವಾದ್ಯತಜ್ಞನ ಪಾತ್ರವಿರುವ ಹರಾಜಿನ ದೃಶ್ಯಕ್ಕೆ ಚಿತ್ರ ಮತ್ತೆ ಮತ್ತೆ ಮರಳಿ, ಪ್ರತಿ ಸಲವೂ ಮತ್ತೊಬ್ಬ ಬಿಡ್ಡುದಾರನ ಹಿನ್ನೆಲೆಯನ್ನು ತೋರಿಸುವುದು ಜಾಣತನದ ರಚನೆ. ಆದರೆ ಕೆಂಪು ಬಣ್ಣದ ಗುಟ್ಟನ್ನು ಗಮನವಿಟ್ಟು ನೋಡುವವರು ಬಹು ಬೇಗ ಊಹಿಸಿಬಿಡುತ್ತಾರೆ. ಇನ್ನೂ ನೋಡದವರಿಗಾಗಿ ಅದನ್ನು ಇಲ್ಲಿ ಹೇಳುವುದಿಲ್ಲ.

ತಮ್ಮ ಎರಡನೆಯ ಪ್ರಶ್ನೆ: ಬುಸ್ಸೊಟ್ಟಿಯ ಪಿಟೀಲು ಇರಲಿಲ್ಲ. ಕ್ರೆಮೋನಾದ ಆಂತೋನಿಯೊ ಸ್ಟ್ರಾಡಿವರಿ ತಯಾರಿಸಿದ 'ರೆಡ್ ಮೆಂಡೆಲ್ಸನ್' ಎಂಬ ಪಿಟೀಲು ಈ ಕಥೆಗೆ ಪ್ರೇರಣೆಯೆನ್ನಲಾಗುತ್ತದೆ. 1990ರಲ್ಲಿ ಲಂಡನ್ನಿನಲ್ಲಿ ಹರಾಜಾದ ಅದನ್ನು ಅಮೆರಿಕದ ವಾದಕಿ ಎಲಿಜಬೆತ್ ಪಿಟ್‌ಕೇರ್ನ್ ಕಛೇರಿಗಳಲ್ಲಿ ನುಡಿಸುತ್ತ ಬಂದಿದ್ದಾರೆ.